ದಲ್ಲಾಳಿಯಿಲ್ಲದ ಕುಂಬಳಕಾಯಿ

ಆ ಹುಡುಗಿಗೆ ಶಾಲೆಯಲ್ಲಿ ಪಿಸುಮಾತು ಎಂದು ಹೆಸರು ಬಿದ್ದಿತ್ತು. ಹಾಜರಿ ಕೂಗಿದಾಗ ಅವಳು ‘ಎಸ್ ಸರ್’ ಅಂದದ್ದು ಪಕ್ಕದ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಎಷ್ಟೋ ಸಲ ಕಣ್ಣೆದುರಿಗೇ ಕೂತಿದ್ದೂ ಪುಸ್ತಕದಲ್ಲಿ ಗೈರುಹಾಜರಾಗಿದ್ದಳು. ಪಾಪ, ನಾಚಿಕೆ ಸ್ವಭಾವದ ಹುಡುಗಿ ಎಂದು ಮೇಷ್ಟ್ರುಗಳು ಅವಳ ಪಾಡಿಗೆ ಅವಳನ್ನು ಬಿಟ್ಟಿದ್ದರು.

ನಾಚಿಕೆಯೂ ಅಲ್ಲ, ಪಾಪವೂ ಅಲ್ಲ. ಅವಳ ಗಂಟಲಲ್ಲಿ ಇದ್ದದ್ದು ಅವಳ ಅಮ್ಮನ ಧ್ವನಿ. ಅಮ್ಮ ಊರಿನ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವಳು. ತಗಡಿನ ಚಾವಣಿಯ ಕೆಳಗೆ ನಿಂತು ಒಂದು ಸಲ ‘ಬನ್ನಿ ಬನ್ನಿ ಬನ್ನೀ’ ಎಂದಳೆಂದರೆ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋಗಿ ಎದುರುಗಡೆಯ ಮೀನಿನ ಸಾಲಿನ ಮೇಲೆ ಕೂರುತ್ತಿದ್ದವು. ಮಗಳು ಬಾಯಿ ಬಿಟ್ಟರೆ ಅದೇ ಧ್ವನಿ, ಅದೇ ಏರು, ಅದೇ ಇಳಿ. ಮಾರ್ಕೆಟ್ಟಿಗೆ ಒಂದು ಸಲ ಹೋದವರೂ ಗುರುತು ಹಿಡಿದುಬಿಡುತ್ತಾರೆಂದು ಅವಳು ಒಂಬತ್ತನೇ ಕ್ಲಾಸಿನವರೆಗೆ ಪಿಸುಗುಟ್ಟಿಕೊಂಡೇ ಬಂದಿದ್ದಳು.

ಗೆಳತಿಯರು ಕೇಳಿದರೆ, “ನಮ್ಮಮ್ಮಂದು ಸ್ವಂತ ಉದ್ಯಮ” ಅನ್ನುತ್ತಿದ್ದಳು. ಎತ್ತರಕ್ಕೆ ಬೆಳೆದಿದ್ದರಿಂದ ಏಣಿ ಅನ್ನಿಸಿಕೊಂಡಿದ್ದ ಗೆಳತಿಯೊಬ್ಬಳು ಬಿಡದೆ ಕೆದಕುತ್ತಿದ್ದಳು.

“ಆಫೀಸ್ ಎಲ್ಲಿರೋದು?”

“ಊರ ಮಧ್ಯದಲ್ಲೇ.”

“ಕೆಲಸಕ್ಕೆ ತುಂಬಾ ಜನ ಇದಾರಾ?”

“ಇಲ್ಲ, ಅಮ್ಮ ಯಾರನ್ನೂ ನಂಬಲ್ಲ. ಎಲ್ಲಾ ತಾನೇ ನೋಡ್ಕೋತಾಳೆ.”

“ಎ.ಸಿ. ಹಾಕ್ಸಿದಾರಾ?”

“ಗಾಳಿ ಚೆನ್ನಾಗಿ ಬರುತ್ತೆ.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೂ ಪೋಷಕರ ಸಭೆ ಬಂದಾಗಲೆಲ್ಲ ಅವಳು ಅಪ್ಪನನ್ನೇ ಕರೆದುಕೊಂಡು ಹೋಗುತ್ತಿದ್ದಳು. ಅಪ್ಪ ಸಿಟಿ ಬಸ್ಸಿನ ಡ್ರೈವರು, ಮಾತು ಕಡಿಮೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಬೆಂಚಿನಲ್ಲಿ ಕೂತು, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹಸಿರು ಸಿಗ್ನಲ್ ಕಂಡವರ ಹಾಗೆ ಎದ್ದು ಬರುತ್ತಿದ್ದ.

ಶಾಲೆಯಲ್ಲಿ ಈ ಮುಚ್ಚುಮರೆಯಾದರೆ, ಮನೆಯಲ್ಲಿ ಇನ್ನೊಂದು. ಒಂಬತ್ತನೇ ಕ್ಲಾಸಿನವರು ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು. ಕಂಪ್ಯೂಟರ್ ತಗೋ, ಬೇರೆ ಮಾತೇ ಇಲ್ಲ ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಹೆಸರು ಬರೆಸುವ ದಿನ ಬೆಳಿಗ್ಗೆ ಟೊಮೆಟೊ ಲೋಡು ಬಂದು, ಕೊಳೆತದ್ದನ್ನು ಆರಿಸಿಕೊಡಲು ಅಮ್ಮನೇ ಮಗಳನ್ನು ನಿಲ್ಲಿಸಿಕೊಂಡಳು. ಓಡೋಡಿ ಶಾಲೆ ಮುಟ್ಟುವಷ್ಟರಲ್ಲಿ ಕಂಪ್ಯೂಟರ್ ತುಂಬಿತ್ತು, ಚಿತ್ರಕಲೆಯೂ ತುಂಬಿತ್ತು. ಸಂಗೀತಕ್ಕೆ ಬಾಯಿ ಬಿಡಬೇಕು, ಅದು ಆಗದ ಮಾತು. ಉಳಿದದ್ದು ಕೃಷಿ. ಅದು ಯಾವ ವರ್ಷವೂ ತುಂಬಿದ ದಾಖಲೆಯಿಲ್ಲ. ತರಕಾರಿಯ ದೆಸೆಯಿಂದ ತಡವಾಗಿ ಹೋದ ಹುಡುಗಿ ಹೀಗೆ ಮತ್ತೆ ತರಕಾರಿಯ ಮಡಿಲಿಗೇ ಬಿದ್ದಳು. ಮನೆಗೆ ಬಂದು, “ಕಂಪ್ಯೂಟರೇ ಸಿಕ್ತು” ಅಂದಳು. ಅಮ್ಮ ಆ ದಿನ ಮಾರ್ಕೆಟ್ಟಿನಲ್ಲಿ ಕಂಡಕಂಡವರಿಗೆಲ್ಲ ಎರಡೆರಡು ಮೆಣಸಿನಕಾಯಿ ಹೆಚ್ಚಿಗೆ ಹಾಕಿದಳಂತೆ.

ಸ್ವಲ್ಪ ದಿನಕ್ಕೆ ಮಗಳ ಉಗುರಿನ ಸಂದಿಯ ಮಣ್ಣು ಅಮ್ಮನ ಕಣ್ಣಿಗೆ ಬಿತ್ತು.

“ಏನೇ ಇದು? ಕಂಪ್ಯೂಟರಲ್ಲಿ ಮಣ್ಣು ಇರುತ್ತಾ?”

“ಲ್ಯಾಬ್ ನಮ್ಮ ಕೈಲೇ ಕ್ಲೀನ್ ಮಾಡಿಸ್ತಾರೆ.”

“ದುಡ್ಡು ತಗೊಂಡು ಕಸ ಬಳಿಸ್ತಾರಾ? ನಾನು ಬಂದು ಕೇಳ್ತೀನಿ ತಡಿ.”

“ಬೇಡಮ್ಮಾ! ಅದಕ್ಕೂ ಮಾರ್ಕ್ಸ್ ಇದೆ.”

ಮಾರ್ಕ್ಸ್ ಇದೆ ಎಂದ ಮೇಲೆ ಅಮ್ಮ ಸುಮ್ಮನಾದಳು. ಆ ಶಬ್ದದ ಮುಂದೆ ಅವಳು ಎಂದೂ ಚೌಕಾಸಿ ಮಾಡಿದವಳಲ್ಲ.

ಕೃಷಿ ಮೇಷ್ಟ್ರು ಸಣಕಲು ದೇಹದ, ಯಾವಾಗಲೂ ಟೋಪಿ ಹಾಕಿದ ಮನುಷ್ಯ. ಮಕ್ಕಳಿಗೆ ಏಕವಚನ, ಗಿಡಗಳಿಗೆ ಬಹುವಚನ. “ಲೋ, ಅವರ ಮೇಲೆ ಕಾಲಿಡಬೇಡ, ಈಗ ತಾನೇ ಚಿಗುರ್ತಾ ಇದ್ದಾರೆ” ಅನ್ನುತ್ತಿದ್ದರು. ಕೆಲಸ ಬಲ್ಲವರು, ಅವರು ನೆಟ್ಟದ್ದು ಸತ್ತದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಶಾಲೆಯ ಆಡಳಿತ ಮಂಡಳಿಗೆ ಬದುಕಿರುವ ಗಿಡಕ್ಕಿಂತ ಲೆಕ್ಕದ ಮೇಲೆ ಕಣ್ಣು. ಕೃಷಿ ವಿಭಾಗ ಬರೀ ಖರ್ಚಿನ ಬಾಬತ್ತು, ಅದು ತನ್ನ ಕಾಲ ಮೇಲೆ ತಾನು ನಿಲ್ಲಲಿ, ಇಲ್ಲವಾದರೆ ಅದರ ಶೆಡ್ಡನ್ನು ಟೇಬಲ್ ಟೆನಿಸ್ ಆಡಲು ಬಿಡೋಣ ಎಂದು ಮಂಡಳಿ ತೀರ್ಮಾನಿಸಿತು.

ಪ್ರಿನ್ಸಿಪಾಲರು ಈ ಸುದ್ದಿ ಹೇಳಲು ಕೃಷಿ ಕ್ಲಾಸಿಗೇ ಬಂದರು. ಅವರಿಗೆ ಸ್ವಾವಲಂಬನೆ ಎಂಬ ಶಬ್ದವೆಂದರೆ ಪ್ರಾಣ. “ಮಕ್ಕಳೇ, ನೀವೇ ಬೆಳೀಬೇಕು, ನೀವೇ ಮಾರಬೇಕು. ಮಧ್ಯೆ ದಲ್ಲಾಳಿ ಅನ್ನೋ ಪ್ರಾಣಿ ಇರಕೂಡದು! ತೋಟದಿಂದ ನೇರವಾಗಿ ಅಡುಗೆಮನೆಗೆ!” ಎಂದು ಕೈಯನ್ನು ತೋಟದ ಕಡೆಯಿಂದ ಅಡುಗೆಮನೆಯ ಕಡೆಗೆ ಬೀಸಿ ತೋರಿಸಿದರು. ಆ ದಿಕ್ಕಿನಲ್ಲಿ ಇದ್ದದ್ದು ಶಾಲೆಯ ಶೌಚಾಲಯ. ಯಾರೂ ನಗಲಿಲ್ಲ.

ಏನು ಬೆಳೆಯುವುದು ಎಂಬ ಚರ್ಚೆಯಾಯಿತು. ಬೇಗ ಕೊಳೆಯಬಾರದು, ಕಳ್ಳರು ಹೊತ್ತೊಯ್ಯಲು ಹಗುರವಾಗಿರಬಾರದು, ಹೆಚ್ಚು ಆರೈಕೆ ಕೇಳಬಾರದು. ಮೇಷ್ಟ್ರು ಯೋಚಿಸಿ ಸಿಹಿಗುಂಬಳ ಎಂದರು.

ಗುಣಿ ತೋಡಿದರು, ಗೊಬ್ಬರ ತುಂಬಿದರು, ಬೀಜ ಊರಿದರು. ಬಳ್ಳಿಗಳು ಮೊದಮೊದಲು ಹೊಸದಾಗಿ ಸೇರಿದ ಮಕ್ಕಳ ಹಾಗೆ ಇದ್ದಲ್ಲೇ ಮುದುರಿಕೊಂಡಿದ್ದು, ಆಮೇಲೆ ಹೇಳಿದ ಮಾತು ಕೇಳದೆ ಎಲ್ಲೆಂದರಲ್ಲಿ ಓಡಿದವು. ಹೂ ಬಿಟ್ಟಾಗ ಮೇಷ್ಟ್ರು, ಇವರು ಗಂಡು ಹೂವು, ಹಿಂದೆ ಪುಟ್ಟ ಕಾಯಿ ಹೊತ್ತಿರುವ ಇವರು ಹೆಣ್ಣು ಹೂವು ಎಂದು ತೋರಿಸಿ, ದುಂಬಿ ಕಡಿಮೆ ಇರುವುದರಿಂದ ಪರಾಗ ಮುಟ್ಟಿಸುವ ಕೆಲಸ ನಾವೇ ಮಾಡಬೇಕು ಎಂದರು. ಇಡೀ ಕ್ಲಾಸು ಕಿಸಕ್ಕನೆ ನಕ್ಕಿತು. ನಗದೆ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಮೇಷ್ಟ್ರು ಹೇಳಿದಂತೆ ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಒತ್ತಿದವಳು ಪಿಸುಮಾತು ಒಬ್ಬಳೇ.

ಅವಳಿಗೆ ತಿಳಿಯದೆಯೇ ಆ ಕೆಲಸ ಅವಳನ್ನು ಹಿಡಿದುಕೊಂಡಿತು. ದಿನಾ ಬಿಸಿಲೇರುವ ಮುಂಚೆ ಶಾಲೆಗೆ ಹೋಗಿ ಹೂವು ಹುಡುಕುವಳು. ಅವಳು ಮುಟ್ಟಿದ ಹೂವಿನ ಹಿಂದಿನ ಮಿಡಿ ನಿಂಬೆಹಣ್ಣಿನಷ್ಟಾಗಿ, ಮುಷ್ಟಿಯಷ್ಟಾಗಿ, ಒಂದು ದಿನ ನೋಡಿದರೆ ಕೂಸಿನ ತಲೆಯಷ್ಟಾಗಿರುತ್ತಿತ್ತು. ಮನೆಯಲ್ಲಿ ಬುಟ್ಟಿಗಟ್ಟಲೆ ತರಕಾರಿ ಕಂಡು ಬೆಳೆದವಳಿಗೆ ಅದೆಲ್ಲ ಎಲ್ಲಿಂದಲೋ ಲಾರಿಯಲ್ಲಿ ಹುಟ್ಟಿ ಬರುತ್ತದೆಂಬ ಭಾವನೆಯೇ ಇತ್ತು. ಈಗ ಕಾಯಿಗಳ ಕೆಳಗೆ ಹುಲ್ಲು ಹಾಸುತ್ತ, ಮಣ್ಣಿನ ತೇವಕ್ಕೆ ಮಗ್ಗುಲು ಕೊಳೆಯದಂತೆ ತಿರುಗಿಸಿ ಇಡುತ್ತ, ಅವುಗಳ ಜೊತೆ ಬಹುವಚನದಲ್ಲಿ ಮಾತಾಡತೊಡಗಿದಳು.

ಬೆಳೆ ಬಂತು ನೋಡಿ, ಅಂಥ ಬೆಳೆ! ಉಗುರು ಚುಚ್ಚಿದರೂ ಇಳಿಯದ ಗಟ್ಟಿ ಸಿಪ್ಪೆ, ಒಬ್ಬ ಹುಡುಗ ಎರಡೂ ಕೈಯಲ್ಲಿ ತಬ್ಬಿ ಎತ್ತಬೇಕಾದ ಗಾತ್ರ. ಶೆಡ್ಡು ತುಂಬಿತು, ಸೈಕಲ್ ನಿಲ್ಲಿಸುವ ಜಾಗ ತುಂಬಿತು, ಕೊನೆಗೆ ವಿಜ್ಞಾನದ ಪ್ರಯೋಗಾಲಯದಲ್ಲಿ ಅಸ್ಥಿಪಂಜರದ ಕಾಲ ಬುಡದಲ್ಲೂ ಪೇರಿಸಿದರು. ಪ್ರಿನ್ಸಿಪಾಲರು ಒಂದೊಂದು ಕಾಯಿಯ ಬೆಲೆಯನ್ನೂ ತಾವೇ ನಿಗದಿ ಮಾಡಿ, ‘ದಲ್ಲಾಳಿಯಿಲ್ಲದ ಕುಂಬಳಕಾಯಿ’ ಎಂದು ದೊಡ್ಡ ಬ್ಯಾನರು ಬರೆಸಿದರು.

ಮೊದಲು ಶಾಲೆಯ ಗೇಟಿನಲ್ಲೇ ಮಾರಾಟ. ದಾಕ್ಷಿಣ್ಯಕ್ಕೆ ಕೆಲವು ಪೋಷಕರು ಇದ್ದುದರಲ್ಲೇ ಚಿಕ್ಕದನ್ನು ಹುಡುಕಿ ಒಯ್ದರು. ಚಿಕ್ಕವು ಖಾಲಿಯಾದ ಮೇಲೆ ಪೋಷಕರೂ ಖಾಲಿಯಾದರು. ಮಗುವನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇಷ್ಟು ಭಾರ ಎಲ್ಲಿ ಇಡಲಿ ಎಂದು ಕೇಳುವರು, ಅವರದ್ದೂ ನ್ಯಾಯವೇ. ಮೇಷ್ಟ್ರುಗಳು ಹಿಂದಿನ ಗೇಟಿನಿಂದ ಮನೆಗೆ ಹೋಗುವ ಅಭ್ಯಾಸ ಮಾಡಿಕೊಂಡರು. ಆಗ ಪ್ರಿನ್ಸಿಪಾಲರು, “ಶನಿವಾರ ಊರಿನ ಮಾರ್ಕೆಟ್ಟಿಗೇ ಹೋಗೋಣ. ದಲ್ಲಾಳಿಗಳ ಕೋಟೆ ಬಾಗಿಲಲ್ಲೇ ನಮ್ಮ ಅಂಗಡಿ!” ಎಂದು ಘೋಷಿಸಿದರು.

ಮಾರ್ಕೆಟ್ಟಿನ ಬಾಗಿಲಿಂದ ಒಳಗೆ ಕಾಲಿಟ್ಟರೆ ಬಲಗಡೆಗೆ ಮೊದಲ ಅಂಗಡಿಯೇ ಪಿಸುಮಾತಿನ ಅಮ್ಮನದು.

ಶನಿವಾರ ಬೆಳಿಗ್ಗೆ ಅವಳು ಹೊದ್ದುಕೊಂಡು ಮಲಗಿ, “ಜ್ವರ” ಅಂದಳು.

ಅಮ್ಮ ಒರಟು ಅಂಗೈಯನ್ನು ಅವಳ ಹಣೆಗಿಟ್ಟಳು. ಕೊಳೆತ ಟೊಮೆಟೊವನ್ನು ಬುಟ್ಟಿಯ ತಳದಲ್ಲಿದ್ದರೂ ಪತ್ತೆ ಹಚ್ಚುವ ಕೈ ಅದು. “ಜ್ವರ ಇಲ್ಲ ಗಿರ ಇಲ್ಲ. ಇವತ್ತು ಎಕ್ಸ್‌ಟ್ರಾ ಕ್ಲಾಸ್ ಇದೆ ಅಂತ ನೀನೇ ಹೇಳಿದ್ದೆ ತಾನೇ? ಏಳು, ಹೋಗು. ಕಂಪ್ಯೂಟರ್ ಕ್ಲಾಸ್ ಒಂದೂ ತಪ್ಪಿಸಬಾರದು” ಎಂದು ತಾನೇ ಎಬ್ಬಿಸಿ, ಸಮವಸ್ತ್ರ ತೊಡಿಸಿ, ಬೀದಿಯ ತುದಿಯವರೆಗೂ ನೂಕಿಕೊಂಡು ಬಂದು ಬಿಟ್ಟಳು.

ಮಾರ್ಕೆಟ್ಟಿನ ಬಾಗಿಲಲ್ಲಿ ಬ್ಯಾನರು ಕಟ್ಟಿ ಕಾಯಿ ಪೇರಿಸಿದ್ದಾಯಿತು. ಪಿಸುಮಾತು ರಾಶಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಚಿಲ್ಲರೆ ಕೊಡುವ ಕೆಲಸ ನನಗಿರಲಿ ಅಂದಳು. ಒಳಗಿನಿಂದ ಅಮ್ಮನ ಕೂಗು ಅಲೆಅಲೆಯಾಗಿ ಬರುತ್ತಿತ್ತು.

“ಅಬ್ಬಾ, ಯಾರದು ಆ ಗಂಟಲು!” ಎಂದಳು ಏಣಿ. “ಮೈಕೇ ಬೇಡ.”

ಪಿಸುಮಾತು ಇನ್ನಷ್ಟು ಕುಗ್ಗಿ ಕೂತಳು.

ಮಕ್ಕಳು ಮಾರುತ್ತಿದ್ದಾರೆಂದು ಜನ ನಿಂತರು. ತಲೆ ಸವರಿದರು, ಫೋಟೋ ಹಿಡಿದರು, ಕುಂಬಳಕಾಯಿಯ ಬೆನ್ನು ತಟ್ಟಿದರು, ಹೋದರು. ಆದರೂ ಬಾಗಿಲಲ್ಲೇ ಗುಂಪು ಕಟ್ಟಿದ್ದರಿಂದ ಒಳಗಿನವರಿಗೆ ಗಿರಾಕಿ ಕಡಿಮೆಯಾಗಿ, ಇದೇನು ಹೊಸ ಕಾಟ ಎಂದು ನೋಡಲು ಅಮ್ಮ ಸೊಂಟದ ಹಣದ ಚೀಲ ಸರಿಮಾಡಿಕೊಳ್ಳುತ್ತ ಎದ್ದು ಬಂದಳು. ಬ್ಯಾನರು ನೋಡಿದಳು. ರಾಶಿ ನೋಡಿದಳು. ರಾಶಿಯ ಹಿಂದೆ ಇಣುಕುತ್ತಿದ್ದ ಎರಡು ಜಡೆ ನೋಡಿದಳು. ಬೆಳಿಗ್ಗೆ ತಾನೇ ಹೆಣೆದ ಜಡೆ.

ಈಗ ಭೂಮಿ ಬಾಯಿ ಬಿಡುತ್ತದೆ ಎಂದು ಮಗಳು ಕಣ್ಣು ಮುಚ್ಚಿದಳು. ಭೂಮಿ ಬಾಯಿ ಬಿಡಲಿಲ್ಲ. ಅಮ್ಮನೂ ‘ಲೇ’ ಅನ್ನಲಿಲ್ಲ.

“ಏನಮ್ಮಾ ಹುಡುಗಿ,” ಎಂದಳು, ಎಂದೂ ಕಂಡಿಲ್ಲದವಳ ಹಾಗೆ. “ಈ ಕಾಯಿ ಹೇಗೆ ಕೊಟ್ಟೆ?”

ಹುಡುಗಿ ಎದ್ದು ನಿಂತಳು. ಏಣಿ ಪಕ್ಕದಲ್ಲೇ ಇದ್ದಳು. “ಬೆಲೆ ಚೀಟಿ ಅಂಟಿಸಿದೆ... ನೋಡಿ” ಎಂದು ಪಿಸುಗುಟ್ಟಿದಳು. ಹುಟ್ಟಿದ ಮೇಲೆ ಅಮ್ಮನಿಗೆ ಅವಳು ಬಹುವಚನ ಹಚ್ಚಿದ್ದು ಅದೇ ಮೊದಲು.

“ಇಷ್ಟೊಂದಾ?” ಅಮ್ಮ ಒಂದು ಕಾಯಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಮೂಗು ಮುರಿದಳು. “ಒಳಗೆಲ್ಲಾ ಟೊಳ್ಳು. ನೀರು ಜಾಸ್ತಿ ಹಾಕಿ ಊದಿಸಿದೀರ. ಇದು ಕುಂಬಳಕಾಯಿನಾ? ಬಣ್ಣ ಬಳಿದಿರೋ ಬಲೂನು.”

ಯಾವ ಸರಕನ್ನಾದರೂ ಕೊಳ್ಳುವ ಮುಂಚೆ ಅಮ್ಮ ಹೀಗೇ ಬಯ್ಯುತ್ತಾಳೆಂದು ಮಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಕಾಯಿ ಅವಳು ಮೊದಲ ದಿನ ಹೂವು ಮುಟ್ಟಿಸಿದ ಬಳ್ಳಿಯದು. ಅಷ್ಟು ವರ್ಷ ಅದುಮಿ ಇಟ್ಟದ್ದು ಒಮ್ಮೆಲೇ ಹೊರಗೆ ಹಾರಿತು.

“ಯಾವುದ್ರೀ ಟೊಳ್ಳು? ಬನ್ರೀ, ಎತ್ತಿ ನೋಡ್ರೀ! ಸೊಂಟ ಉಳುಕಿದ್ರೆ ನನ್ನ ಕೇಳ್ಬೇಡಿ! ನಮ್ಮ ಕೈಯಾರೆ ಬೆಳೆದದ್ದು, ಬನ್ನಿ ಬನ್ನಿ ಬನ್ನೀ!”

ಪಾರಿವಾಳಗಳು ಎದ್ದವು. ಮೀನಿನವನು ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ಪ್ರಿನ್ಸಿಪಾಲರ ಕೈಯಲ್ಲಿದ್ದ ಟೀ ಅಂಗಿಯ ಮೇಲೆ ಚೆಲ್ಲಿತು. ಅಮ್ಮ ಒಂದು ಗಳಿಗೆ ಬಾಯಿ ತೆರೆದುಕೊಂಡು ನಿಂತಳು. ಅವಳ ಮುಖದ ಮೇಲೆ ಏನೋ ಬಂದು ಹೋಯಿತು. ಸಿಟ್ಟೋ ಇನ್ನೇನೋ ಮಗಳಿಗೆ ತಿಳಿಯಲಿಲ್ಲ. ಆಮೇಲೆ ತಿರುಗಿ ತನ್ನ ಅಂಗಡಿಗೆ ಹೋಗಿ, ತನ್ನಲ್ಲಿದ್ದ ಕುಂಬಳಕಾಯಿಯನ್ನು ಎತ್ತಿ ಎರಡು ಹೋಳು ಮಾಡಿ, “ಬನ್ನಿ ಬನ್ನೀ! ಬೇಕಾದಷ್ಟೇ ಕೊಯ್ದು ಕೊಡ್ತೀನಿ, ಹೊರೋ ಹಾಗಿಲ್ಲ, ಹಾಳು ಮಾಡೋ ಹಾಗಿಲ್ಲ!” ಎಂದು ಕೂಗಿದಳು.

ಬಾಗಿಲ ಹೊರಗಿಂದ ಒಂದು ಧ್ವನಿ, ಒಳಗಿಂದ ಅದೇ ಧ್ವನಿ. ಜನಕ್ಕೆ ಮಜಾ ಬಂತು. ಮಧ್ಯಾಹ್ನದವರೆಗೂ ನಡೆಯಿತು ಈ ಪಂದ್ಯ. ಗೆದ್ದವಳು ಅಮ್ಮ. ಪುಟ್ಟ ಸಂಸಾರದವರಿಗೆ ಬೇಕಾದದ್ದು ಒಂದು ಹೋಳು. ಶಾಲೆಯವರು ಮಾರುತ್ತಿದ್ದದ್ದು ಇಡೀ ಕಾಯಿ. ಕೊಯ್ದು ಮಾರೋಣ ಸರ್ ಎಂದು ಮಕ್ಕಳು ಕೇಳಿದರೆ, ವಿದ್ಯಾರ್ಥಿಗಳ ಕೈಗೆ ಕತ್ತಿ ಕೊಡಲು ನಿಯಮವಿಲ್ಲ ಎಂದರು ಪ್ರಿನ್ಸಿಪಾಲರು. ರಾಶಿಯ ಮೇಲಿನ ಪದರ ಕರಗಿತ್ತು ಅಷ್ಟೆ.

“ನಿನಗೆ ಇಂಥ ಧ್ವನಿ ಇದೆ ಅಂತ ಗೊತ್ತೇ ಇರ್ಲಿಲ್ಲ ಕಣೇ,” ಎಂದಳು ಏಣಿ, ಗಾಡಿ ಹತ್ತುವಾಗ. “ಥೇಟ್ ಆ ಹೆಂಗಸಿನ ಥರಾನೇ.”

“ಮಾರ್ಕೆಟ್ಟಲ್ಲಿ ಎಲ್ಲರೂ ಹಾಗೇ ಕೂಗೋದು” ಎಂದು ಪಿಸುಮಾತು ಮತ್ತೆ ಪಿಸುಗುಟ್ಟಿದಳು.

ಸಂಜೆ ಅಮ್ಮ ಮನೆಗೆ ಬಂದು ಚಪ್ಪಲಿಯನ್ನು ಎಂದಿಗಿಂತ ಮೆಲ್ಲಗೆ ಬಿಟ್ಟಳು. ಅದೇ ಭಯ ಹುಟ್ಟಿಸುವಂತಿತ್ತು.

“ಕಂಪ್ಯೂಟರ್ ಕ್ಲಾಸ್ ಹೇಗಿತ್ತು?”

ಮಗಳು ತಲೆ ತಗ್ಗಿಸಿದಳು.

“ನಾನು ತರಕಾರಿ ಮಾರಿ ನಿನ್ನ ಸ್ಕೂಲಿಗೆ ಕಳಿಸಿದ್ದು, ನೀನು ಸ್ಕೂಲಿಂದ ಬಂದು ತರಕಾರಿ ಮಾರಲಿ ಅಂತನಾ? ಅದೂ ನನ್ನ ಬಾಗಿಲಲ್ಲೇ ಕೂತು? ಫೀಸು ಕಟ್ಟಿ ಕಲಿಯೋ ವಿದ್ಯೆನಾ ಅದು? ನಾನು ಬಿಟ್ಟಿ ಕಲಿಸ್ತಿದ್ದೆನಲ್ಲೇ!”

“ಸೀಟ್ ಇರ್ಲಿಲ್ಲಮ್ಮ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ...”

“ಈಗ ಸಂತೋಷ ಆಯ್ತಲ್ಲ ನನಗೆ!”

ಅಪ್ಪ ಬಟ್ಟಲು ತೊಳೆದು ಒರೆಸುತ್ತಿದ್ದವನು ಕತ್ತು ಹೊರಳಿಸಿ, “ಧ್ವನಿ ಮಾತ್ರ ಜೋರಾಗಿತ್ತಂತೆ. ಬಸ್ಸಲ್ಲೆಲ್ಲಾ ಅದೇ ಮಾತು” ಅಂದ. ಹೆಂಡತಿ ನೋಡಿದ ನೋಟಕ್ಕೆ ಮತ್ತೆ ಬಟ್ಟಲಿಗೆ ತಿರುಗಿದ.

ಮಗಳು ತಲೆಯೆತ್ತಿ ಕೇಳಿದಳು: “ಅಲ್ಲಿ ಯಾಕೆ ಸುಮ್ಮನಿದ್ದೆ? ನನ್ನ ಮಗಳು ಅಂತ ಯಾಕೆ ಹೇಳ್ಲಿಲ್ಲ?”

“ಪ್ರತಿ ಮೀಟಿಂಗಿಗೂ ಅಪ್ಪನೇ ಬರಲಿ ಅಂತೀಯಲ್ಲ,” ಎಂದಳು ಅಮ್ಮ. ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ತೂಕ ಹೇಳಿದ ಹಾಗೆ ಹೇಳಿದಳು. “ನನಗೆ ಅಷ್ಟೂ ಗೊತ್ತಾಗಲ್ವೇನೇ? ನಿನ್ನ ಮರ್ಯಾದೆ ನಿನಗೆ, ನನ್ನ ವ್ಯಾಪಾರ ನನಗೆ.”

ಅಮ್ಮ ಎದ್ದು ಮುಖ ತೊಳೆದು ಬಂದು, ಒರೆಸಿಕೊಳ್ಳುತ್ತಲೇ, “ಅದಿರಲಿ, ಇನ್ನೂ ಎಷ್ಟು ಕಾಯಿ ಉಳಿದಿದೆ?” ಅಂದಳು.

“ರಾಶಿ ಇದೆ. ಯಾಕೆ?”

“ಎಲ್ಲಾ ನನಗೆ ಕೊಡ್ಸು. ಕಾಯಿ ಚೆನ್ನಾಗಿದೆ.”

“ಟೊಳ್ಳು ಅಂದ್ಯಲ್ಲಾ!”

“ಕೊಳ್ಳುವಾಗ ಹಾಗೆ ಅನ್ನದೆ ಇನ್ನೇನಂತಾರೆ? ಅಷ್ಟೂ ಕಲಿಸಲ್ವಾ ನಿಮ್ಮ ಸ್ಕೂಲಲ್ಲಿ? ಯಾರಿಗೂ ನನ್ನ ಸುದ್ದಿ ಹೇಳ್ಬೇಡ. ಒಬ್ರು ಗಿರಾಕಿ ಇದಾರೆ ಅನ್ನು.”

ಸೋಮವಾರ ಅವಳು ಕೃಷಿ ಮೇಷ್ಟ್ರ ಹತ್ತಿರ ಹೋಗಿ ಹಾಗೆಯೇ ಅಂದಳು. ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಗಿರಾಕಿ ಅಂದ್ರೆ... ತಾವೇ ತಿನ್ನೋಕಾ?”

“ಅಷ್ಟೂ ತಿನ್ನೋಕಾಗಲ್ಲ ಸರ್.”

“ಹಾಗಾದ್ರೆ ದಲ್ಲಾಳಿನಾ?”

“ಅಲ್ಲ ಸರ್. ದೊಡ್ಡ ಗಿರಾಕಿ.”

ಮೇಷ್ಟ್ರು ಅಸ್ಥಿಪಂಜರದ ಪಕ್ಕದ ರಾಶಿಯನ್ನು ನೋಡಿದರು. ವಿಜ್ಞಾನದ ಮೇಡಂ ಅಂದು ಬೆಳಿಗ್ಗೆಯೂ ಜಗಳವಾಡಿ ಹೋಗಿದ್ದರು. “ದೊಡ್ಡ ಗಿರಾಕಿ ಆದ್ರೆ ಸರಿ ಬಿಡು” ಎಂದು ಟೋಪಿ ಹಾಕಿಕೊಂಡರು.

ಟೆಂಪೊ ಬಂತು, ಕಾಯಿಗಳು ಹೋದವು. ಶಾಲೆ ಹೇಳಿದ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಂಡು ಅಮ್ಮ ಸಾಲ ಹೇಳದೆ ನಗದು ಹಣ ಕೊಟ್ಟು ಕಳಿಸಿದಳು. ಮಂಡಳಿಯ ಬಾಯಿ ಮುಚ್ಚಿತು, ಆಗಲೇ ತರಿಸಿಟ್ಟಿದ್ದ ಟೇಬಲ್ ಟೆನಿಸ್ ಮೇಜು ಬಂದ ದಾರಿ ಹಿಡಿಯಿತು. ಅಮ್ಮ ಒಂದೊಂದು ಕಾಯಿಯನ್ನೂ ಹೋಳು ಮಾಡಿ, ಬೀಜವನ್ನೂ ಬಿಡದೆ ಬೇರೆ ಒಣಗಿಸಿ ಮಾರಿದಳು. ಶಾಲೆಯ ಗೇಟಿನಲ್ಲಿ ಮುಖ ತಿರುಗಿಸಿದ್ದ ಪೋಷಕರೇ ಬಂದು ಒಯ್ದರು.

ಒಂದು ಸಂಜೆ ಪಿಸುಮಾತು ಅಂಗಡಿಯ ಹಿಂದೆ ಈರುಳ್ಳಿ ಮೂಟೆ ಬಿಚ್ಚುತ್ತಿದ್ದಾಗ ಪರಿಚಿತ ಗಂಟಲು ಕೇಳಿತು. ಪ್ರಿನ್ಸಿಪಾಲರು! ಮೂಟೆಯ ಮರೆಗೆ ಸರಿದಳು.

“ಎಷ್ಟು ಚೆನ್ನಾಗಿದೆ ರೀ ಬಣ್ಣ!” ಪ್ರಿನ್ಸಿಪಾಲರು ಹೋಳನ್ನು ಬೆಳಕಿಗೆ ಹಿಡಿದಿದ್ದರು. “ನಮ್ಮ ಸ್ಕೂಲಲ್ಲೂ ಮಕ್ಕಳು ಬೆಳೆದಿದ್ರು. ಮಕ್ಕಳ ಕೆಲಸ, ಏನೋ ಸುಮಾರಾಗಿತ್ತು. ಇದು ನೋಡಿ, ಅನುಭವಸ್ಥ ರೈತ ಬೆಳೆದದ್ದು. ನೋಡಿದ್ರೇ ಗೊತ್ತಾಗುತ್ತೆ.”

“ಹೌದು ಸಾರ್, ಗೊತ್ತಿರೋರ ಕಣ್ಣೇ ಬೇರೆ” ಎಂದು ಅಮ್ಮ ಇನ್ನೂ ಒಂದು ಹೋಳು ಕಟ್ಟಿಕೊಟ್ಟಳು. ಬೆಲೆಯನ್ನು ಮಾತ್ರ ಅವರಿಗೆ ಸ್ವಲ್ಪ ಹೆಚ್ಚಿಗೇ ಹೇಳಿದಳು. ಅವರು ಚೌಕಾಸಿ ಮಾಡಲಿಲ್ಲ.

ಎಲ್ಲ ಕುಂಬಳವೂ ನೇರ ಮಾರಾಟದಲ್ಲೇ ಹೋಯಿತೆಂದು ಪ್ರಿನ್ಸಿಪಾಲರು ಎಲ್ಲಿಗೆಲ್ಲಿಗೋ ಬರೆದು, ಇಲಾಖೆಯಿಂದ ಒಬ್ಬ ದೊಡ್ಡ ಅಧಿಕಾರಿ ಷೀಲ್ಡು ಕೊಡಲು ಬರುತ್ತಾರೆಂದು ನಿಶ್ಚಯವಾಯಿತು. ಭಾಷಣಕ್ಕೆ ಯಾರು? ಮಾರ್ಕೆಟ್ಟನ್ನೇ ನಡುಗಿಸಿದ ಹುಡುಗಿ ಇರುವಾಗ ಬೇರೆ ಯಾರು? ಭಾಷಣವನ್ನು ಪ್ರಿನ್ಸಿಪಾಲರೇ ಬರೆದುಕೊಟ್ಟು, ಬಾಯಿಪಾಠ ಮಾಡಿಸಿದರು. ಪೋಷಕರೂ ಬರಬೇಕೆಂದರು.

ಪಿಸುಮಾತು ಅಂಗಡಿಗೆ ಹೋಗಿ, ಗಿರಾಕಿಗಳ ನಡುವೆ ನಿಂತು, “ಶುಕ್ರವಾರ ಸ್ಕೂಲಿಗೆ ಬಾ” ಅಂದಳು.

“ಯಾಕೆ, ಅಪ್ಪಂಗೆ ಡ್ಯೂಟಿನಾ?”

“ಅಪ್ಪಂಗೆ ರಜಾ. ನೀನು ಬಾ.”

ಅಮ್ಮ ತೂಗಿ ಆಗಿದ್ದ ಈರುಳ್ಳಿಯನ್ನೇ ಮತ್ತೊಮ್ಮೆ ತಕ್ಕಡಿಗೆ ಹಾಕಿ ತೂಗಿದಳು.

ಶುಕ್ರವಾರ ಅಂಗಡಿಗೆ ಪರದೆ ಎಳೆದು, ಇದ್ದುದರಲ್ಲಿ ಹೊಸ ಬಟ್ಟೆ ತೊಟ್ಟು, ಗಂಡನ ಪಕ್ಕ ಬಂದು ಕೂತಳು. ವೇದಿಕೆಯ ಮೇಲಿಂದ ಮಗಳಿಗೆ ಚೆನ್ನಾಗಿ ಕಾಣುತ್ತಿದ್ದಳು. ಭಾಷಣ ಶುರುವಾಯಿತು. ಸ್ವಾವಲಂಬನೆ ಬಂತು, ಮಣ್ಣಿನ ಮಹಿಮೆ ಬಂತು. ಮುಂದಿನ ಸಾಲು, ‘ರೈತನ ರಕ್ತ ಹೀರುವ ಜಿಗಣೆಯೇ ದಲ್ಲಾಳಿ’ ಎಂಬುದು. ಹುಡುಗಿಯ ಬಾಯಿ ಅಲ್ಲಿಗೆ ಬಂದು ನಿಂತಿತು. ಬದಿಯಲ್ಲಿ ನಿಂತಿದ್ದ ಪ್ರಿನ್ಸಿಪಾಲರು, ಮರೆತಳೆಂದುಕೊಂಡು, “ಜಿಗಣೆ, ಜಿಗಣೆ” ಎಂದು ಎತ್ತಿಕೊಟ್ಟರು.

ಅವಳು ಮೈಕನ್ನು ಪಕ್ಕಕ್ಕೆ ಸರಿಸಿದಳು. ಅದರ ಅಗತ್ಯವಿರಲಿಲ್ಲ.

“ನಾವು ಕುಂಬಳಕಾಯಿನ ಎಲ್ಲಾ ನೇರವಾಗಿ ಮಾರ್ಲಿಲ್ಲ. ನಮ್ಮ ಕೈಲಿ ಆಗ್ಲಿಲ್ಲ. ಉಳಿದಿದ್ದನ್ನೆಲ್ಲಾ ಒಬ್ರು ಕೊಂಡು, ಹೋಳು ಮಾಡಿ ಮಾರಿದ್ರು. ಅವರು ಮಾರ್ಕೆಟ್ಟಲ್ಲಿ ತರಕಾರಿ ವ್ಯಾಪಾರ ಮಾಡ್ತಾರೆ. ಅವರು ನಮ್ಮಮ್ಮ. ಅಲ್ಲಿ ಕೂತಿದಾರೆ.”

ಮುಗಿಯಿತು, ಷೀಲ್ಡು ಹೋಯಿತು, ಕೃಷಿ ಮೇಷ್ಟ್ರ ಕೆಲಸವೂ ಹೋಯಿತು ಎಂದುಕೊಂಡಳು ಹುಡುಗಿ. ಅಷ್ಟರಲ್ಲಿ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಏನು ತಾಯಿ ಹೃದಯ!” ಎಂದರು ಅವರು. “ಮಗಳ ಶಾಲೆ ಉಳಿಯಲಿ ಅಂತ, ಬಡತನದಲ್ಲೂ ಅಷ್ಟೂ ಕುಂಬಳಕಾಯಿ ಕೊಂಡ ತ್ಯಾಗಮಯಿ! ದಲ್ಲಾಳಿಯಿಲ್ಲದ ಮಾರಾಟಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ತಾಯಿ ಮಗಳ ನಡುವೆ ದಲ್ಲಾಳಿ ಎಲ್ಲಿಂದ ಬರಬೇಕು?”

ಚಪ್ಪಾಳೆ ಗುಡುಗಿತು. ಅಮ್ಮನನ್ನು ವೇದಿಕೆಗೆ ಕರೆದರು. ಹತ್ತಿರದಿಂದ ನೋಡಿದ ಪ್ರಿನ್ಸಿಪಾಲರು ಒಂದು ಕ್ಷಣ ತಬ್ಬಿಬ್ಬಾಗಿ, ಮರುಕ್ಷಣ ಸಾವರಿಸಿಕೊಂಡು, “ಈ ತಾಯಿಯ ಕೈಯಿಂದ ನಾನೇ ಖುದ್ದಾಗಿ ಕೊಂಡು ತಿಂದಿದ್ದೇನೆ. ನಮ್ಮ ಮಕ್ಕಳ ಬೆಳೆ ಎಂದು ನೋಡಿದ ಕೂಡಲೇ ಗುರುತಿಸಿದೆ!” ಎಂದು ಸಾರಿದರು.

ಅಮ್ಮನಿಗೆ ಹೂಗುಚ್ಛ ಕೊಟ್ಟು, ಎರಡು ಮಾತು ಹೇಳಿ ಎಂದರು. ಅವಳು ಮೈಕನ್ನು ನೋಡಿ, ಬೇಡವೆಂದು ತಲೆಯಾಡಿಸಿ, ತನ್ನ ಎಂದಿನ ಧ್ವನಿಯಲ್ಲೇ ಹೇಳಿದಳು:

“ತ್ಯಾಗ ಗೀಗ ಏನೂ ಇಲ್ಲ ಸಾರ್. ನನಗೆ ಒಳ್ಳೇ ಲಾಭ ಬಂತು.”

ಸಭೆ ಗೊಳ್ಳೆಂದು ನಕ್ಕಿತು. “ಎಷ್ಟು ವಿನಯ ನೋಡಿ!” ಎಂದರು ಅಧಿಕಾರಿ. ಅಮ್ಮ ಇನ್ನೊಮ್ಮೆ ಹೇಳಲು ನೋಡಿದಳು. ಚಪ್ಪಾಳೆಯಲ್ಲಿ ಆ ಗಂಟಲೂ ಮುಳುಗಿತು. ಜೀವನದಲ್ಲಿ ಅವಳ ಮಾತು ಯಾರಿಗೂ ಕೇಳಿಸದೆ ಹೋದದ್ದು ಅದೇ ಮೊದಲಿರಬೇಕು. ಅಪ್ಪ ಮಾತ್ರ ಕೊನೆಯವರೆಗೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಲೇ ಇದ್ದ.

ಕೆಳಗಿಳಿದಾಗ ಏಣಿ ಮುಖ ಊದಿಸಿಕೊಂಡು ಕಾಯುತ್ತಿದ್ದಳು. ಈಗ ಬಂತು ನೋಡು ಎಂದು ಪಿಸುಮಾತು ಹಲ್ಲು ಕಚ್ಚಿದಳು.

“ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?” ಎಂದಳು ಏಣಿ. “ನಮ್ಮಮ್ಮ ಇಷ್ಟು ದಿನ ಪಕ್ಕದ ಅಂಗಡಿಲಿ ತಗೋತಿದ್ರು. ಪರಿಚಯ ಅಂದಿದ್ರೆ ಒಂದು ಹಿಡಿ ಸೊಪ್ಪಾದ್ರೂ ಜಾಸ್ತಿ ಸಿಕ್ತಿತ್ತು.”

ಇಷ್ಟಕ್ಕಾಗಿಯೇ ಇಷ್ಟು ವರ್ಷ ಗಂಟಲು ಕಟ್ಟಿಕೊಂಡು ಬದುಕಿದೆನಲ್ಲ ಎಂದು ಹುಡುಗಿಗೆ ನಗು ಬಂತು. ಯಾಕೋ ಅಳುವೂ ಬಂತು.

ಷೀಲ್ಡು ಬಂದ ಮೇಲೆ ಆಡಳಿತ ಮಂಡಳಿ ಸಭೆ ಸೇರಿ, ಕೃಷಿ ವಿಭಾಗ ಇಷ್ಟು ಚೆನ್ನಾಗಿ ತನ್ನ ಕಾಲ ಮೇಲೆ ನಿಂತಿರುವುದರಿಂದ ಇನ್ನು ಅದಕ್ಕೆ ಕೊಡುತ್ತಿದ್ದ ಅಲ್ಪಸ್ವಲ್ಪ ನೆರವೂ ಅನಗತ್ಯ ಎಂದು ಒಮ್ಮತದಿಂದ ನಿಲ್ಲಿಸಿತು. ಕೃಷಿ ಮೇಷ್ಟ್ರು ಷೀಲ್ಡನ್ನು ಶೆಡ್ಡಿನ ಮೊಳೆಗೆ ತೂಗುಹಾಕಿ, ಅದರ ಕೆಳಗೆ ಕೂತು, ಮುಂದಿನ ಬೆಳೆಗೆ ಗೊಬ್ಬರ ಎಲ್ಲಿಂದ ತರುವುದೆಂದು ಯೋಚಿಸತೊಡಗಿದರು.

ಆ ಸುದ್ದಿ ಹೊತ್ತು ಮನೆಗೆ ಬಂದ ಮಗಳು ಅಮ್ಮನ ಮುಂದೆ ಕೂತಳು. ಅಮ್ಮ ಕಾಲು ನೀಡಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಈ ಸಲ ಕುಂಬಳಕಾಯಿ ಬೇಡ ಕಣೇ,” ಎಂದಳು. “ಹೊತ್ತು ಹೊತ್ತು ಸಾಕಾಯ್ತು. ಬೀನ್ಸ್ ಹಾಕಿ. ಒಳ್ಳೇ ಬೆಲೆ ಇದೆ, ಎಲ್ಲಾ ನಾನೇ ಎತ್ಕೋತೀನಿ.”

“ಗೊಬ್ಬರಕ್ಕೆ ದುಡ್ಡಿಲ್ಲ. ಬೀಜಕ್ಕೂ ಇಲ್ಲ. ನೀನು ಮುಂಗಡ ಕೊಟ್ರೆ ಹಾಕ್ತೀವಿ.”

“ಮುಂಗಡನಾ? ನಾನೇನು ನಿಮ್ಮ ಸ್ಕೂಲಿನ ಪ್ರಿನ್ಸಿಪಾಲಾ?”

“ಬೇಡ ಅಂದ್ರೆ ಬಿಡು. ಪಕ್ಕದ ಅಂಗಡಿಯವರನ್ನ ಕೇಳ್ತೀನಿ.”

ಅಮ್ಮನ ಕೈ ಮಂಡಿಯ ಮೇಲೆ ನಿಂತಿತು. ಮಗಳು ಕಣ್ಣು ಮಿಟುಕಿಸದೆ ಕೂತಿದ್ದಳು.

“ಬೀನ್ಸ್ ಎಳೇದಿರಬೇಕು. ನಾರು ಬಂದಿದ್ರೆ ಮುಟ್ಟಲ್ಲ.”

“ಎಳೇದೇ ಕೊಡ್ತೀವಿ. ಆದ್ರೆ ಹೋದ ಸಲದ ಹಾಗೆ ಬೆಲೆ ಮುರಿಯೋ ಹಾಗಿಲ್ಲ.”

“ಅಯ್ಯೋ, ಅದನ್ನ ಬೆಳೆ ನೋಡಿದ ಮೇಲೆ ಮಾತಾಡೋಣ.”

“ಈಗಲೇ ಮಾತಾಡೋಣ.”

ಅಪ್ಪ ಎದ್ದು, ಬೀದಿಯವರಿಗೆ ತೊಂದರೆಯಾಗದಿರಲೆಂದು ಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ.